ಅಳಿಸಿದ ಇಪ್ಪತ್ತೈದು

ಜಪಾನಿಗೆ ಹೋಗಿ ಬಂದವರೆಲ್ಲ ಬುಲೆಟ್ ರೈಲಿನ ಬಗ್ಗೆ ಬರೆಯುತ್ತಾರೆ. ನಾನು ಆ ರೈಲು ಹತ್ತಿದ ಐದೇ ನಿಮಿಷಕ್ಕೆ ಗೊರಕೆ ಹೊಡೆದೆನಂತೆ. ಹಾಗೆಂದು ಜೊತೆಗಿದ್ದ ಸಿದ್ದರಾಜು ಮೇಷ್ಟ್ರು ಎರಡು ತಾಲ್ಲೂಕಿಗೂ ಸಾರಿಬಿಟ್ಟಿದ್ದಾರೆ. ಆದ್ದರಿಂದ ರೈಲಿನ ವರ್ಣನೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ. ನಾನು ಹೇಳಹೊರಟಿರುವುದು ಅಲ್ಲಿನ ಒಂದು ಶಾಲೆ, ಅಲ್ಲಿ ನಾನು ಮಾಡಿದ ಒಂದು ಎಡವಟ್ಟು, ಅದನ್ನು ಸರಿಮಾಡಲು ಪಟ್ಟ ಪಾಡು, ಇಷ್ಟೇ.

ಹೊರಡುವ ಮುಂಚೆ: ನಂಜನಗೂಡು

ನನ್ನ ಹೆಸರು ನಾಗರತ್ನ. ಕವಲಂದೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತದ ಟೀಚರು. ಬಾಯಿ ಜೋರು. ನಾನು ಎಂಟನೇ ಕ್ಲಾಸಿನಲ್ಲಿ ಬೀಜಗಣಿತ ಶುರುಮಾಡಿದರೆ ರಸ್ತೆಯಾಚೆ ಟೀ ಅಂಗಡಿಯವನಿಗೂ ಸೂತ್ರ ಬಾಯಿಪಾಠ ಆಗುತ್ತದೆ ಎಂದು ನಮ್ಮ ಹೆಡ್ಮಾಸ್ಟರು ಹೇಳುತ್ತಾರೆ. ಅದು ಹೊಗಳಿಕೆ ಎಂದೇ ನಾನು ಇಷ್ಟು ದಿನ ತಿಳಿದುಕೊಂಡಿದ್ದೆ.

ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ಕೂಲಿಗೆ ಹೋಗುವವರು, ಇಲ್ಲವೇ ತಾಂಡ್ಯದ ಫ್ಯಾಕ್ಟರಿಗಳಲ್ಲಿ ಶಿಫ್ಟಿಗೆ ಹೋಗುವವರು. ಮಗು ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು ಮಿಸ್, ಅಷ್ಟು ಮಾಡಿಕೊಡಿ ಎನ್ನುತ್ತಾರೆ. ನಾವೂ ಅಷ್ಟನ್ನೇ ಮಾಡಿಕೊಡುತ್ತೇವೆ. ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆಗಳನ್ನು ಆರಿಸಿ, ಉತ್ತರದ ಸಮೇತ ಕಟ್ಟಿ ಕೈಗೆ ಕೊಡುತ್ತೇವೆ. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಎಂದು ಹೆಸರು. ಲೆಕ್ಕ ಬರದಿದ್ದರೂ ಸೂತ್ರ ಬರೆದಿಡು, ಒಂದು ಮಾರ್ಕು ಎಲ್ಲೂ ಹೋಗಲ್ಲ ಎಂಬುದು ನನ್ನ ವೇದವಾಕ್ಯ. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ಡಸ್ಟರು. ಯಾರಾದರೂ ಬೋರ್ಡಿನ ಮೇಲೆ ತಪ್ಪು ಬರೆದರೆ ತಕ್ಷಣ ಅಳಿಸಿಬಿಡಬೇಕು. ಇಲ್ಲದಿದ್ದರೆ ಹಿಂದಿನ ಬೆಂಚಿನವರು ಅದನ್ನೇ ಕಾಪಿ ಹೊಡೆದುಕೊಂಡು ಮನೆಗೆ ಹೋಗುತ್ತಾರೆ. ನಮ್ಮ ಕಡೆ ಎಲ್ಲ ಗಣಿತದ ಮೇಷ್ಟ್ರಿಗೂ ಇದೇ ಅಭ್ಯಾಸ.

ಹೀಗಿರುವಾಗ, ಬೇರೆ ದೇಶದಲ್ಲಿ ಲೆಕ್ಕ ಹೇಗೆ ಕಲಿಸುತ್ತಾರೆ ನೋಡಿ ಬನ್ನಿ ಎಂದು ಕೆಲವು ಟೀಚರುಗಳನ್ನು ಆರಿಸಿದರು. ನಮ್ಮ ಜಿಲ್ಲೆಯಿಂದ ನಾನು ಮತ್ತು ತಿ. ನರಸೀಪುರದ ಸಿದ್ದರಾಜು ಮೇಷ್ಟ್ರು. ಒಂದು ವಾರ ಒಂದೇ ಶಾಲೆಯಲ್ಲಿರಬೇಕು. ಮೊದಲು ಅವರ ಪಾಠ ನೋಡಬೇಕು. ಆಮೇಲೆ ಅವರ ಮಕ್ಕಳಿಗೆ ನಾನು ಎರಡು ಪಾಠ ಮಾಡಬೇಕು. ಅದನ್ನು ಅವರ ಮೇಷ್ಟ್ರುಗಳು ಹಿಂದೆ ನಿಂತು ನೋಡುತ್ತಾರೆ. ನೋಡಲಿ ಬಿಡಿ, ನೂರಕ್ಕೆ ನೂರು ರಿಸಲ್ಟ್ ಕೊಟ್ಟವಳು ನಾನು ಎಂದು ಬೀಗಿಕೊಂಡೇ ವಿಮಾನ ಹತ್ತಿದೆ.

ಶನಿವಾರ, ಭಾನುವಾರ: ಹೊಸ ಊರು

ಆ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಹೊರಳಲಿಲ್ಲ. ಸುತ್ತ ಗದ್ದೆ, ಪಕ್ಕದಲ್ಲಿ ಹೊಳೆ, ಹೊಳೆಯ ಮೇಲೊಂದು ಹಳೆಯ ಸೇತುವೆ. ಕಣ್ಣು ಕಿರಿದು ಮಾಡಿ ನೋಡಿದರೆ ನಮ್ಮ ಕಪಿಲಾ ದಂಡೆಯೇ ಅನ್ನಿಸುತ್ತಿತ್ತು. ಕಣ್ಣು ಬಿಟ್ಟು ನೋಡಿದರೆ ರಸ್ತೆಯಲ್ಲಿ ಒಂದು ದನ ಇಲ್ಲ, ಒಂದು ಹಾರನ್ ಇಲ್ಲ. ಸಿದ್ದರಾಜು ಮೇಷ್ಟ್ರಿಗೆ ಈ ನಿಶ್ಶಬ್ದದಲ್ಲಿ ನಿದ್ದೆಯೇ ಹತ್ತಲಿಲ್ಲವಂತೆ.

ನಮಗೆ ದುಭಾಷಿಯಾಗಿ ಬಂದವರು ತೊಮೊಕೊ ಎಂಬ ಜಪಾನಿ ಹೆಂಗಸು. ಚಿಕ್ಕ ವಯಸ್ಸಿನಲ್ಲಿ ಮೈಸೂರಿನಲ್ಲಿದ್ದು ಕನ್ನಡ ಕಲಿತವರು. ಕಲಿತದ್ದು ಪುಸ್ತಕದಿಂದ. ಹಾಗಾಗಿ ಬೆಳಿಗ್ಗೆ ಎದ್ದರೆ ತಾವು ಸುಖವಾಗಿ ನಿದ್ರಿಸಿದಿರಾ ಎನ್ನುವರು, ಊಟಕ್ಕೆ ಕರೆದರೆ ಭೋಜನವು ಸಿದ್ಧವಾಗಿದೆ ಎನ್ನುವರು. ಸಿದ್ದರಾಜು ನನ್ನ ಕಿವಿಯಲ್ಲಿ, ‘ಮೇಡಂ, ಈಯಮ್ಮ ಬಾಯ್ಬುಟ್ರೆ ನಂಗೆ ಕುರುಕ್ಷೇತ್ರ ನಾಟ್ಕ ನೋಡ್ದಂಗಾಯ್ತದೆ’ ಎಂದರು. ಸಿದ್ದರಾಜು ಮಾತಾಡಿದರೆ ಆಕೆಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅಂತೂ ಜಪಾನಿನಲ್ಲಿ ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿಕೊಂಡು ಓಡಾಡಿದೆ.

ಊಟದ ವಿಷಯ ಹೇಳಿದರೆ ನಗುತ್ತೀರಿ. ಅಂಗಡಿಯಲ್ಲಿ ತ್ರಿಕೋನಾಕಾರದ ಅನ್ನದ ಉಂಡೆ ಸಿಕ್ಕಿತು. ಗಣಿತದವರಿಗೆ ಹೇಳಿ ಮಾಡಿಸಿದ ತಿಂಡಿ ಎಂದು ಖುಷಿಯಾಗಿ ಕಚ್ಚಿದೆ, ಒಳಗೆ ಮೀನು. ನಾನು ಮೀನು ಮುಟ್ಟುವವಳಲ್ಲ. ಉಳಿದದ್ದನ್ನು ಸಿದ್ದರಾಜು ಸಂತೋಷದಿಂದ ತಿಂದು, ಇದಕ್ಕೆ ಬದಲು ಒಂದು ಮುದ್ದೆ ಇದ್ದಿದ್ದರೆ ಎಂದು ನಿಟ್ಟುಸಿರು ಬಿಟ್ಟರು. ನಾನು ಮನೆಯಿಂದ ತಂದ ಹುರುಳಿ ಚಟ್ನಿಪುಡಿಯನ್ನೇ ನೆಚ್ಚಿಕೊಂಡು ವಾರ ಕಳೆದೆ.

ಸೋಮವಾರ: ಒಕಾದಾ ಮೇಷ್ಟ್ರ ಕ್ಲಾಸು

ಶಾಲೆಯ ಬಾಗಿಲಲ್ಲೇ ಚಪ್ಪಲಿ ಗೂಡುಗಳು. ಒಬ್ಬೊಬ್ಬರಿಗೆ ಒಂದೊಂದು. ಹೊರಗಿನ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಕಕ್ಕಸಿಗೆ ಮತ್ತೊಂದು ಜೊತೆ. ಮೊದಲ ದಿನವೇ ಸಿದ್ದರಾಜು ಕಕ್ಕಸಿನ ಚಪ್ಪಲಿಯಲ್ಲೇ ಸೀದಾ ಹೆಡ್ಮಾಸ್ಟರ ಕೋಣೆಗೆ ನಡೆದುಬಿಟ್ಟರು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಅವರ ಪಾದವನ್ನೇ ನೋಡುತ್ತ ನಮಸ್ಕರಿಸಿದರು.

ನಾವು ನೋಡಬೇಕಾಗಿದ್ದದ್ದು ಒಕಾದಾ ಎಂಬ ಮೇಷ್ಟ್ರ ಎಂಟನೇ ಕ್ಲಾಸು. ಸಣ್ಣ ಆಳು, ನಿವೃತ್ತಿಗೆ ಹತ್ತಿರ, ದನಿ ಇದೆಯೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಬೋರ್ಡಿನ ಎಡತುದಿಯಲ್ಲಿ ಒಂದೇ ಒಂದು ಲೆಕ್ಕ ಬರೆದರು. ಬರೆದು, ಕೈ ಹಿಂದೆ ಕಟ್ಟಿಕೊಂಡು ಬೆಂಚುಗಳ ನಡುವೆ ಓಡಾಡತೊಡಗಿದರು. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು. ಮೇಷ್ಟ್ರು ಬಾಯಿಬಿಡಲಿಲ್ಲ. ನನಗೆ ಕೂತಲ್ಲೇ ಚಡಪಡಿಕೆ. ನಮ್ಮ ಶಾಲೆಯಲ್ಲಿ ಇಷ್ಟು ಹೊತ್ತು ಸದ್ದಿಲ್ಲದಿದ್ದರೆ ಹೆಡ್ಮಾಸ್ಟರು ಕಿಟಕಿಯಲ್ಲಿ ಇಣುಕಿ, ಕ್ಲಾಸಿಗೆ ಟೀಚರ್ ಹೋಗಿದ್ದಾರಾ ಎಂದು ಕೇಳುತ್ತಾರೆ.

ಆಮೇಲೆ ಒಬ್ಬೊಬ್ಬರಾಗಿ ಮಕ್ಕಳು ಬಂದು ತಮಗೆ ತೋಚಿದ್ದನ್ನು ಬೋರ್ಡಿನ ಮೇಲೆ ಬರೆದರು. ಬರೆದದ್ದರ ಪಕ್ಕ ತಮ್ಮ ಹೆಸರಿನ ಒಂದು ಅಯಸ್ಕಾಂತದ ಬಿಲ್ಲೆ ಅಂಟಿಸಿದರು. ಸರಿಯಾದದ್ದಕ್ಕೂ ಬಿಲ್ಲೆ, ತಪ್ಪಾದದ್ದಕ್ಕೂ ಬಿಲ್ಲೆ. ಇದು ಇಂಥವನ ದಾರಿ, ಅದು ಇಂಥವಳ ದಾರಿ ಎಂದು ಆ ಹೆಸರಿನಿಂದಲೇ ಚರ್ಚೆ ನಡೆಯಿತು. ಪೀರಿಯಡ್ ಮುಗಿಯುವವರೆಗೆ ಒಂದಕ್ಷರ ಅಳಿಸಲಿಲ್ಲ. ಮಕ್ಕಳ ನೋಟ್‌ಬುಕ್ಕಿನಲ್ಲೂ ಅಷ್ಟೇ, ತಪ್ಪಾದರೆ ರಬ್ಬರು ಹಚ್ಚುವಂತಿಲ್ಲ, ಮೇಲೊಂದು ಗೆರೆ ಎಳೆದು ಮುಂದೆ ಹೋಗಬೇಕು.

ಇಡೀ ಪೀರಿಯಡ್ಡಿಗೆ ಒಂದೇ ಲೆಕ್ಕ ಮಾಡಿದರೆ ಇವರು ಸಿಲಬಸ್ ಯಾವಾಗ ಮುಗಿಸುತ್ತಾರೆ ಎಂಬುದೇ ನನ್ನ ಚಿಂತೆ. ನಾಳೆ ನೋಡಿ, ಕಲಿಸುವುದು ಹೇಗೆಂದು ತೋರಿಸುತ್ತೇನೆ ಎಂದು ಸಿದ್ದರಾಜುಗೆ ಹೇಳಿಯೂಬಿಟ್ಟೆ.

ಮಂಗಳವಾರ: ಹನ್ನೆರಡು ನಿಮಿಷ

ನನ್ನ ಲೆಕ್ಕ ಊರಿಂದಲೇ ಕಟ್ಟಿಕೊಂಡು ಬಂದದ್ದು. ಒಂದು ಬಸ್ಸು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಅದೇ ದಾರಿಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ವಾಪಸು ಬರುತ್ತದೆ. ಹೋಗಿಬರುವುದು ಸೇರಿ ಸರಾಸರಿ ವೇಗ ಎಷ್ಟು?

ಹಿಂದೆ ಹದಿನೈದಿಪ್ಪತ್ತು ಮೇಷ್ಟ್ರುಗಳು ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದರು. ಮಕ್ಕಳಿಗೆ ಮೊದಲು ಬಂದ ಅನುಮಾನ ಲೆಕ್ಕದ ಬಗ್ಗೆ ಅಲ್ಲ, ಬಸ್ಸಿನ ಬಗ್ಗೆ. ಒಂದೇ ಬಸ್ಸು, ಒಂದೇ ದಾರಿ, ವೇಗ ಯಾಕೆ ಬೇರೆ ಎಂದು ಒಬ್ಬ ಹುಡುಗ ಕೇಳಿದ. ಹೋಗುವಾಗ ಸುತ್ತೂರಿನಲ್ಲಿ ಜನ ಹತ್ತುತ್ತಾರೆ, ಕೈ ಅಡ್ಡ ಹಾಕಿದಲ್ಲೆಲ್ಲ ನಿಲ್ಲಿಸಬೇಕು, ಎಮ್ಮೆ ಅಡ್ಡ ಬಂದರೆ ಅದು ದಾಟುವವರೆಗೆ ಕಾಯಬೇಕು ಎಂದು ವಿವರಿಸಿದೆ. ತೊಮೊಕೊ ಅದನ್ನು ಜಪಾನಿ ಭಾಷೆಗೆ ತಿರುಗಿಸಿದಾಗ ಮಕ್ಕಳು ಕಥೆ ಕೇಳಿದ ಹಾಗೆ ಕೇಳಿದರು. ದೂರ ಎಷ್ಟು ಎಂದು ಇನ್ನೊಬ್ಬಳು ಕೇಳಿದಳು. ಅದನ್ನು ಹೇಳಲ್ಲ, ಅದಿಲ್ಲದೆಯೇ ಲೆಕ್ಕ ಬರುತ್ತೆ ಎಂದೆ.

ಎರಡು ನಿಮಿಷ ಕೊಟ್ಟು, ಯಾರು ಹೇಳುತ್ತೀರಿ ಎಂದೆ. ಯಾರೂ ಏಳಲಿಲ್ಲ. ಕೊನೆಗೆ ಕಿಟಕಿ ಪಕ್ಕದ ಒಬ್ಬ ಹುಡುಗಿ ಎದ್ದಳು. ಸಪೂರ ಹುಡುಗಿ, ನಾತ್ಸುಮಿ ಎಂದು ಹೆಸರು. ಬಂದು ‘25’ ಎಂದು ಬರೆದು, ಪಕ್ಕದಲ್ಲಿ ತನ್ನ ಹೆಸರಿನ ಬಿಲ್ಲೆ ಅಂಟಿಸಿದಳು. ನನಗೆ ಒಳಗೊಳಗೇ ಖುಷಿ. ಇಪ್ಪತ್ತನ್ನೂ ಮೂವತ್ತನ್ನೂ ಕೂಡಿಸಿ ಎರಡರಿಂದ ಭಾಗಿಸುವುದು ನಮ್ಮ ಕವಲಂದೆ ಮಕ್ಕಳೂ ಮಾಡುವ ತಪ್ಪು. ಎಲ್ಲಿ ಹೋದರೂ ಮಕ್ಕಳು ಮಕ್ಕಳೇ ಎಂದುಕೊಂಡು, ತಪ್ಪು ಎಂದು ಹೇಳುತ್ತಲೇ ಎಡಗೈಯಲ್ಲಿ ಒರೆಸಿಬಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ಕ್ಲಾಸು ತಣ್ಣಗಾಯಿತು. ಮೊದಲೇ ಸದ್ದಿರಲಿಲ್ಲ, ಆದರೂ ಅದು ಬೇರೆ ಥರದ ತಣ್ಣಗೆ. ನನಗೆ ಆಗ ಗೊತ್ತಾಗಲಿಲ್ಲ. ಕೆಂಪು ಸೀಮೆಸುಣ್ಣದಲ್ಲಿ ಸೂತ್ರ ಬರೆದೆ: ಎರಡು ವೇಗಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಿ. ಸುತ್ತ ಚೌಕ ಹಾಕಿದೆ. ಉತ್ತರ ಇಪ್ಪತ್ನಾಲ್ಕು. ಎಲ್ಲರೂ ನನ್ನ ಜೊತೆ ಹೇಳಿ ಎಂದು ಗಟ್ಟಿಯಾಗಿ ಸೂತ್ರ ಹೇಳಿಸಲು ಹೊರಟೆ. ಒಂದು ಮಗುವೂ ಹೇಳಲಿಲ್ಲ. ಹಿಂದಿನಿಂದ ಸಿದ್ದರಾಜು ಒಬ್ಬರೇ, ಪಾಪ, ಅಭ್ಯಾಸಬಲದಿಂದ ಜೋರಾಗಿ ಹೇಳಿದರು.

ಗಡಿಯಾರ ನೋಡಿದರೆ ಹನ್ನೆರಡೇ ನಿಮಿಷ. ಪೀರಿಯಡ್ ಇರುವುದು ಐವತ್ತು. ಉಳಿದ ಹೊತ್ತಿಗೆ ಅದೇ ಸೂತ್ರದ ಲೆಕ್ಕಗಳನ್ನು ಒಂದರ ಮೇಲೊಂದು ಕೊಟ್ಟೆ. ಎಲ್ಲರೂ ಸರಿಯಾಗಿ ಮಾಡಿದರು. ನನ್ನ ಪಾಠ ಗೆದ್ದಿತು ಎಂದೇ ತಿಳಿದೆ.

ಸಂಜೆ ಎಲ್ಲ ಮೇಷ್ಟ್ರುಗಳೂ ಸುತ್ತ ಕೂತು ಮಾತಾಡಿದರು. ಅದು ಅವರ ಪದ್ಧತಿ. ಪಾಠ ಮಾಡಿದವರನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ, ಯಾವ ಮಗು ಎಷ್ಟು ಹೊತ್ತಿಗೆ ಏನು ಮಾಡಿತು ಎಂದಷ್ಟೇ ಹೇಳುವುದು. ಮೂರನೇ ಸಾಲಿನ ಹುಡುಗ ಗೆರೆ ಎಳೆಯತೊಡಗಿದ್ದ, ಉತ್ತರ ಬಂದ ಮೇಲೆ ನಿಲ್ಲಿಸಿದ ಎಂದರು ಒಬ್ಬರು. ದೂರಕ್ಕೆ ಒಂದು ಅಕ್ಷರ ಇಟ್ಟುಕೊಂಡು ಒಬ್ಬಳು ಸಮೀಕರಣ ಬರೆಯುತ್ತಿದ್ದಳು, ಸೂತ್ರ ಬಂದ ಮೇಲೆ ಅದನ್ನು ಬಿಟ್ಟಳು ಎಂದರು ಇನ್ನೊಬ್ಬರು. ಹೀಗೇ ಒಬ್ಬೊಬ್ಬರಾಗಿ ಹೇಳುತ್ತ ಹೋದಂತೆ ನನ್ನ ಮುಖ ಇಳಿಯುತ್ತ ಬಂತು. ಎಲ್ಲ ಮಕ್ಕಳೂ ಏನೋ ಮಾಡುತ್ತಿದ್ದರು, ನಾನು ಬಾಯಿಬಿಟ್ಟೆ, ಎಲ್ಲರೂ ನಿಲ್ಲಿಸಿದರು.

ಕೊನೆಗೆ ಒಕಾದಾ ಮೇಷ್ಟ್ರು ಬೋರ್ಡಿನ ಫೋಟೋ ತೋರಿಸಿದರು. ಅಳಿಸಿದ ಜಾಗದಲ್ಲಿ ಸೀಮೆಸುಣ್ಣದ ಮಬ್ಬು, ಅದರ ಪಕ್ಕ ನಾತ್ಸುಮಿಯ ಹೆಸರಿನ ಬಿಲ್ಲೆ ಒಂದೇ ಅಂಟಿಕೊಂಡಿತ್ತು. ತೊಮೊಕೊ ತಮ್ಮ ಪುಸ್ತಕದ ಕನ್ನಡದಲ್ಲಿ ಅವರ ಮಾತನ್ನು ಹೇಳಿದರು.

‘ಆ ಬಾಲಕಿಯು ಏನನ್ನು ಯೋಚಿಸಿದ್ದಳು ಎಂಬುದು ತಮಗೆ ತಿಳಿದಿದೆಯೇ ಎಂದು ಅವರು ಕೇಳುತ್ತಿದ್ದಾರೆ. ಅವರಿಗೂ ತಿಳಿಯದಂತೆ. ಈ ವರ್ಷದಲ್ಲಿ ಅವಳು ಹಲಗೆಯ ಬಳಿಗೆ ಬಂದದ್ದು ಇದೇ ಮೊದಲಂತೆ.’

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಬುಧವಾರ, ಗುರುವಾರ: ಲವಂಗ

ಮರುದಿನ ಹೋಗಿ ನೋಡಿದರೆ ನಾತ್ಸುಮಿ ನೋಟ್‌ಬುಕ್ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಒಕಾದಾ ಮೇಷ್ಟ್ರ ಲೆಕ್ಕಕ್ಕೂ ತೆಗೆಯಲಿಲ್ಲ. ಮಧ್ಯಾಹ್ನ ಮಕ್ಕಳೇ ಎಲ್ಲರಿಗೂ ಊಟ ಬಡಿಸುತ್ತಾರೆ. ನನ್ನ ತಟ್ಟೆಗೆ ಸೊಪ್ಪು ಹಾಕಲು ಬಂದವಳು ಅವಳೇ. ತೊಮೊಕೊ ಮೂಲಕ ಮಾತಾಡಿಸಿದೆ. ತನಗೆ ಗಣಿತ ಬರುವುದಿಲ್ಲ ಎಂದಳು, ನಕ್ಕಳು, ಮುಂದಿನವರಿಗೆ ಬಡಿಸಲು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಶಾಲೆಯಲ್ಲೂ ಹೀಗೆ ನಗುವ ಹುಡುಗಿಯರಿದ್ದಾರೆ. ನಂಗೆ ಲೆಕ್ಕ ಬರಲ್ಲ ಮಿಸ್ ಎಂದು ನಗುತ್ತಾರೆ. ಅವರಿಗೆ ನಾನು ಪ್ಯಾಕೇಜ್ ಕೊಟ್ಟು ಪಾಸು ಮಾಡಿಸಿ ಕಳಿಸಿದ್ದೇನೆ. ಯಾವ ದಿನ, ಯಾವ ಉತ್ತರ ಅಳಿಸಿದ ಮೇಲೆ ಅವರಿಗೆ ಲೆಕ್ಕ ಬರದ ಹಾಗಾಯಿತೋ ಯಾರಿಗೆ ಗೊತ್ತು. ನಾನಂತೂ ತಿರುಗಿ ನೋಡಿದವಳಲ್ಲ.

ಶುಕ್ರವಾರ ಇನ್ನೊಂದು ಪಾಠ ಬಾಕಿ ಇತ್ತು, ಶನಿವಾರ ಬೆಳಿಗ್ಗೆ ನಾವು ಹೊರಡಬೇಕು. ಇರುವುದು ಒಂದೇ ಪೀರಿಯಡ್. ಅಷ್ಟರಲ್ಲಿ ಈ ಹುಡುಗಿ ನೋಟ್‌ಬುಕ್ ತೆರೆಯದಿದ್ದರೆ, ಎಲ್ಲೋ ಇದ್ದವಳು ವಿಮಾನ ಹತ್ತಿ ಬಂದು ಒಂದು ಮಗುವಿನ ಲೆಕ್ಕ ಕೆಡಿಸಿಹೋದ ಹಾಗಾಯಿತು. ಹೊಸ ಲೆಕ್ಕ ಬೇಡ ಎಂದು ನಿರ್ಧರಿಸಿದೆ. ಅದೇ ಬಸ್ಸು, ಅದೇ ಇಪ್ಪತ್ತೈದು. ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಒಕಾದಾ ಮೇಷ್ಟ್ರಿಗೆ ತೋರಿಸಿದೆ. ಅವರು ಬಹಳ ಹೊತ್ತು ಹಾಳೆ ನೋಡಿ, ಮಕ್ಕಳು ಯೋಚಿಸುವಾಗ ನೀವು ಏನು ಮಾಡುತ್ತೀರಿ ಎಂದು ಒಂದೇ ಮಾತು ಕೇಳಿದರು. ಸುಮ್ಮನಿರುತ್ತೇನೆ ಎಂದೆ. ಹೇಳುವಾಗಲೇ ನನಗೆ ನಂಬಿಕೆ ಇರಲಿಲ್ಲ.

ಸಿದ್ದರಾಜುಗೆ ಅದಕ್ಕಿಂತ ಕಡಿಮೆ ನಂಬಿಕೆ. ‘ನೀವು ಸುಮ್ಕಿರದು ಅಂದ್ರೆ ಕಪಿಲೆ ಇಂದಕ್ಕೆ ಅರಿದಂಗೆ ಕಣ್ ಮೇಡಂ’ ಎಂದು ನಕ್ಕು, ಆಮೇಲೆ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ‘ಬಾಯೊಳ್ಗೆ ಒಂದ್ ಲವಂಗ ಮಡೀಕಳಿ. ಅದ್ರ ಖಾರ ಓಗೋಗಂಟ ಬಾಯ್ ಬುಡ್ಬ್ಯಾಡಿ.’

ಅವತ್ತು ಸಂಜೆ ತಂಗಿದ್ದ ಮನೆಯಲ್ಲಿ ಲವಂಗ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಸಿದ್ದರಾಜು ವಿದ್ಯಾರ್ಥಿಯಾಗಿ ಕೂತು ಬೇಕುಬೇಕೆಂದೇ ತಪ್ಪು ಬರೆದರು. ಮೂರು ಸಲ ನನ್ನ ಎಡಗೈ ಮೇಲೆದ್ದಿತು. ನಾಲ್ಕನೇ ಸಲ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಶುಕ್ರವಾರ: ಎರಡನೇ ಪೀರಿಯಡ್

ಮಂಗಳವಾರ ಬರೆದಿದ್ದ ಜಾಗದಲ್ಲೇ ನಾನೇ ‘25’ ಎಂದು ಬರೆದೆ. ನಾತ್ಸುಮಿಯ ಬಿಲ್ಲೆಯನ್ನು ಅವಳನ್ನು ಕೇಳದೆ ಅಂಟಿಸಲಿಲ್ಲ. ಮಕ್ಕಳ ಕಡೆ ತಿರುಗಿ ಹೇಳಿದೆ.

‘ಮೊನ್ನೆ ಇದನ್ನ ನಾನು ಅಳಿಸಿದೆ. ಬರೆದವರು ಏನೋ ಯೋಚನೆ ಮಾಡಿ ಬರೆದಿದ್ದರು. ನಾನು ಕೇಳಲಿಲ್ಲ. ಅದು ನನ್ನ ತಪ್ಪು.’

ತೊಮೊಕೊ ಹೇಳಿದರು. ನಾನು ಅವರ ಹಾಗೇ ಬಗ್ಗಿ ನಮಸ್ಕರಿಸಿದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ನಾತ್ಸುಮಿ ತಲೆ ಎತ್ತಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಕ್ಲಾಸಿನ ಮುಂದೆ ನಾನು ತಪ್ಪು ಒಪ್ಪಿಕೊಂಡದ್ದು ಇದೇ ಮೊದಲು. ಊರಲ್ಲಿ ಆಗಿದ್ದರೆ ಹೀಗೆ ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಆಮೇಲೆ ಪ್ರಶ್ನೆ ಬರೆದೆ. ವೇಗ ಇಪ್ಪತ್ತು ಮತ್ತು ಮೂವತ್ತೇ ಇರಲಿ, ಇಪ್ಪತ್ತೈದು ಸರಿ ಉತ್ತರ ಆಗಬೇಕಾದರೆ ಬಸ್ಸು ಹೇಗೆ ಓಡಬೇಕು? ಡಸ್ಟರನ್ನು ಮೇಜಿನ ಡ್ರಾಯರಿಗೆ ಹಾಕಿದೆ. ಲವಂಗವನ್ನು ಬಾಯಿಗೆ ಹಾಕಿದೆ. ಕೈ ಹಿಂದೆ ಕಟ್ಟಿಕೊಂಡು ನಡೆಯತೊಡಗಿದೆ.

ಅಯ್ಯೋ, ಆ ಹೊತ್ತಿನ ಸಂಕಟ ನನಗೇ ಗೊತ್ತು. ಒಬ್ಬ ಹುಡುಗ ಸಂಕಲನದಲ್ಲಿ ತಪ್ಪುತ್ತಿದ್ದ, ನೋಡಿಕೊಂಡು ಮುಂದೆ ಹೋಗಬೇಕು. ಒಬ್ಬಳು ಉತ್ತರದ ಹೊಸ್ತಿಲವರೆಗೆ ಬಂದು ಹಿಂದಕ್ಕೆ ತಿರುಗಿದಳು, ಅವಳ ಭುಜ ತಟ್ಟಿ ಹೇಳಿಬಿಡೋಣ ಎಂದು ನಾಲಿಗೆ ತುದಿಗೆ ಬಂತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಲವಂಗ ಕಚ್ಚಿದೆ. ಕಣ್ಣಲ್ಲಿ ನೀರು ಬಂತು. ಮಕ್ಕಳು ಟೀಚರಿಗೆ ಲೆಕ್ಕ ಅಷ್ಟು ಕಷ್ಟ ಎಂದುಕೊಂಡಿರಬೇಕು. ಆದರೆ ಒಂದು ಮಾತು ಹೇಳಲೇಬೇಕು. ನಾನು ಬಾಯಿ ಮುಚ್ಚಿದ ಮೇಲೆ ಮೊದಲ ಸಲ ಮಕ್ಕಳು ಯೋಚಿಸುವುದು ನನ್ನ ಕಣ್ಣಿಗೆ ಕಾಣಿಸಿತು. ಅದೊಂದು ಚೆಂದ. ಇಷ್ಟು ವರ್ಷ ನನ್ನದೇ ದನಿ ಕೇಳಿಸಿಕೊಂಡು ಇದನ್ನು ನೋಡದೆಹೋದೆ ಎಂದು ಬೇಜಾರಾಯಿತು.

ಕಿಟಕಿಯ ಹತ್ತಿರ ಮೂರನೇ ಸಲ ಹಾದುಹೋಗುವಾಗ ನಾತ್ಸುಮಿಯ ನೋಟ್‌ಬುಕ್ ತೆರೆದಿತ್ತು. ನಾನು ನಿಲ್ಲಲಿಲ್ಲ.

ಮೊದಲು ಒಬ್ಬ ತುಂಟ ಹುಡುಗ ಬಂದು, ಹೋಗುವಾಗಲೂ ಬರುವಾಗಲೂ ಇಪ್ಪತ್ತೈದರಲ್ಲೇ ಓಡಲಿ ಎಂದು ಬರೆದ. ಎಲ್ಲರೂ ನಕ್ಕರು. ವೇಗ ಬದಲಾಯಿಸಬಾರದು ಎಂದು ಅವರೇ ಅವನಿಗೆ ಹೇಳಿದರು. ಅವನ ಬಿಲ್ಲೆಯೂ ಅಲ್ಲೇ ಉಳಿಯಿತು. ಆಮೇಲೆ ಒಬ್ಬಳು ದೂರಕ್ಕೆ ಅಕ್ಷರವಿಟ್ಟು, ದೂರ ಎಷ್ಟಾದರೂ ಇಪ್ಪತ್ನಾಲ್ಕೇ ಬರುತ್ತದೆ, ಇಪ್ಪತ್ತೈದು ಬರಲು ಸಾಧ್ಯವಿಲ್ಲ ಎಂದು ತೋರಿಸಿದಳು. ಅಕ್ಷರ ಮೇಲೂ ಕೆಳಗೂ ಹೊಡೆದುಹೋಗುವುದನ್ನು ಎಷ್ಟು ಚೆನ್ನಾಗಿ ಬರೆದಳೆಂದರೆ ಕ್ಲಾಸು ಅಲ್ಲಿಗೇ ಮುಗಿದ ಹಾಗೆ ಕಂಡಿತು. ಇನ್ನೇನಾದರೂ ಇದೆಯೇ ಎಂದು ಕೇಳಿ ಕಾದೆ. ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಬಂತು, ಎರಡು ಸುತ್ತು ಬಂತು.

ನಾತ್ಸುಮಿ ಎದ್ದಳು.

ಅವಳು ದಾರಿಯ ಚಿತ್ರ ಬರೆಯಲಿಲ್ಲ. ಒಂದೇ ಅಳತೆಯ ಎರಡು ಪಟ್ಟಿ ಬರೆದಳು. ಮೊದಲ ಪಟ್ಟಿ ಒಂದು ಗಂಟೆ, ಅದರಲ್ಲಿ ಇಪ್ಪತ್ತು ಕಿಲೋಮೀಟರ್. ಎರಡನೆಯದೂ ಒಂದು ಗಂಟೆ, ಅದರಲ್ಲಿ ಮೂವತ್ತು. ಎರಡು ಗಂಟೆಗೆ ಐವತ್ತು, ಆದ್ದರಿಂದ ಇಪ್ಪತ್ತೈದು. ಆಮೇಲೆ ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು ಮೆಲ್ಲಗೆ ಏನೋ ಹೇಳಿದಳು. ತೊಮೊಕೊ ಹೇಳಿದರು, ಅವಳು ಗುಡ್ಡದ ಮೇಲಿನ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವಳಂತೆ. ಆ ಬಸ್ಸು ಬರಲು ಒಂದು ಗಂಟೆ, ಹೋಗಲು ಒಂದು ಗಂಟೆ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಸ್ಸೆಂದರೆ ಹಾಗೆಯೇ ಎಂದುಕೊಂಡು ಮಂಗಳವಾರ ಲೆಕ್ಕ ಮಾಡಿದ್ದಳಂತೆ.

ಆ ಹುಡುಗಿ ಸುಮ್ಮನೆ ಕೂಡಿಸಿ ಭಾಗಿಸಿರಲಿಲ್ಲ. ಅವಳು ದೂರವನ್ನಲ್ಲ, ಹೊತ್ತನ್ನು ಹಿಡಿದು ಯೋಚಿಸಿದ್ದಳು. ನಂಜನಗೂಡಿನ ಯಾವ ಮಗುವೂ ಬಸ್ಸು ಹೋಗಲು ಬರಲು ಸಮ ಹೊತ್ತು ಹಿಡಿಯುತ್ತದೆ ಎಂದು ಕನಸಲ್ಲೂ ಅಂದುಕೊಳ್ಳುವುದಿಲ್ಲ. ಆ ತಪ್ಪು ಮಾಡಲು ಆ ದೇಶದಲ್ಲೇ ಹುಟ್ಟಬೇಕು.

ತುಂಟ ಹುಡುಗ ಬಿಡಲಿಲ್ಲ. ಅ‍ದೇ ದಾರಿ, ಅಷ್ಟೇ ಹೊತ್ತು, ಹಾಗಾದರೆ ವೇಗ ಬೇರೆ ಹೇಗಾದೀತು ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ನಾತ್ಸುಮಿ ತನ್ನ ಪಟ್ಟಿಗಳನ್ನು ನೋಡುತ್ತ ನಿಂತಳು. ನಾನು ಲವಂಗ ನುಂಗಿಬಿಟ್ಟಿದ್ದೆ, ಆದರೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳು, ಹಾಗಾದರೆ ಬಸ್ಸು ವಾಪಸು ಬರುವಾಗ ಉದ್ದದ ದಾರಿ ಹಿಡಿಯಬೇಕು, ಹೋಗುವಾಗ ಇಪ್ಪತ್ತು ಕಿಲೋಮೀಟರ್, ಬರುವಾಗ ಮೂವತ್ತು, ಆಗ ಇಪ್ಪತ್ತೈದು ಸರಿ ಎಂದಳು. ಹಿಂದಿನಿಂದ ಸಿದ್ದರಾಜು, ಅಂಥ ಸುತ್ತು ಹಾಕುವ ಬಸ್ಸು ನಮ್ಮಲ್ಲಿ ಬೇಕಾದಷ್ಟಿವೆ ಎಂದು ನನ್ನಿಂದ ತೊಮೊಕೊಗೆ ಹೇಳಿಸಿದರು. ಇಡೀ ಕ್ಲಾಸು ನಕ್ಕಿತು. ನಾತ್ಸುಮಿ ತನ್ನ ಬಿಲ್ಲೆಯನ್ನು ತಾನೇ ತೆಗೆದು ಇಪ್ಪತ್ತೈದರ ಪಕ್ಕ ಅಂಟಿಸಿದಳು.

ಬೆಲ್ಲು ಹೊಡೆದ ಮೇಲೂ ಅವಳು ಬೋರ್ಡಿನ ಹತ್ತಿರವೇ ನಿಂತಿದ್ದಳು. ತೊಮೊಕೊ ಅವರ ಕೈ ಹಿಡಿದು ನನ್ನ ಹತ್ತಿರ ಕರೆತಂದು ಕೇಳಿಸಿದಳು. ಒಂದೇ ದಾರಿಯಾದರೆ ಇಪ್ಪತ್ನಾಲ್ಕು ಬಂತು, ಅದು ಇಪ್ಪತ್ತೈದಕ್ಕಿಂತ ಕಡಿಮೆ. ಬೇರೆ ಬೇರೆ ವೇಗ ಹಾಕಿದರೂ ನಡುವಿನ ಸಂಖ್ಯೆಗಿಂತ ಯಾವಾಗಲೂ ಕಡಿಮೆಯೇ ಬರುತ್ತದೆಯೇ? ಬಂದರೆ ಯಾಕೆ?

ಬರುತ್ತದೆ. ಅದಕ್ಕೆ ಸಾಧನೆಯೂ ಇದೆ. ಎರಡು ವೇಗಗಳ ವ್ಯತ್ಯಾಸದ ವರ್ಗ ಸೊನ್ನೆಗಿಂತ ಕಡಿಮೆ ಇರಲಾರದು ಎಂದು ಶುರುಮಾಡಿದರೆ ಐದು ಸಾಲಿಗೆ ಮುಗಿಯುತ್ತದೆ. ಮೊದಲ ಸಾಲು ಬಾಯಿಗೆ ಬಂದಿತ್ತು, ಕೈ ಸೀಮೆಸುಣ್ಣ ಹುಡುಕುತ್ತಿತ್ತು. ನಾನು ಸೀಮೆಸುಣ್ಣವನ್ನು ಕೆಳಗಿಟ್ಟೆ.

‘ನೀನು ನೋಡು,’ ಎಂದೆ. ‘ಗೊತ್ತಾದರೆ ನನಗೂ ಹೇಳು.’

ಶುಕ್ರವಾರ ಸಂಜೆ: ಚಪ್ಪಲಿ ಗೂಡಿನ ಹತ್ತಿರ

ಸಂಜೆಯ ಚರ್ಚೆ ಮುಗಿಸಿ ಒಕಾದಾ ಮೇಷ್ಟ್ರ ಜೊತೆ ಹೊರಗೆ ಬಂದೆವು. ಅವತ್ತು ಮೇಷ್ಟ್ರುಗಳು ಏನು ಹೇಳಿದರೋ ನನ್ನ ತಲೆಗೆ ಹೋಗಿರಲಿಲ್ಲ. ಹೇಳಿಕೊಟ್ಟುಬಿಡಬೇಕಿತ್ತೇನೋ, ನಾಳೆ ಬೆಳಗಾದರೆ ನಾನಿರುವುದಿಲ್ಲ, ಮಗುವನ್ನು ಅರ್ಧ ದಾರಿಯಲ್ಲಿ ಬಿಟ್ಟ ಹಾಗಾಯಿತಲ್ಲ ಎಂದು ಒಳಗೇ ಒದ್ದಾಡುತ್ತಿದ್ದೆ.

ನಾತ್ಸುಮಿ ಚಪ್ಪಲಿ ಗೂಡಿಗೆ ಒರಗಿ ಕೂತಿದ್ದಳು. ಆಟ ಮುಗಿಸಿ ಬಂದವಳು, ಮುಖವೆಲ್ಲ ಬೆವರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಮ್ಮನ್ನು ಕಂಡು ಎದ್ದು ನೋಟ್‌ಬುಕ್ ಮುಂದೆ ಹಿಡಿದಳು. ಪುಟದ ತುಂಬ ಸಂಖ್ಯೆಗಳು. ಹತ್ತು ಮತ್ತು ಮೂವತ್ತು, ಮೂವತ್ತು ಮತ್ತು ಅರವತ್ತು ಹೀಗೆ ಹಾಕಿ ನೋಡಿದ್ದಳು. ಎರಡು ಕಡೆ ಅಕ್ಷರ ಇಟ್ಟು ಹೊರಟು ಸಿಕ್ಕಿಹಾಕಿಕೊಂಡು, ಮೇಲೊಂದು ಗೆರೆ ಎಳೆದಿದ್ದಳು. ಕೊನೆಯಲ್ಲಿ ಲೆಕ್ಕವಿರಲಿಲ್ಲ, ಎರಡೇ ಸಾಲು ಬರಹ. ತೊಮೊಕೊ ನಿಧಾನವಾಗಿ ಓದಿ ಹೇಳಿದರು.

‘ದೂರವು ಒಂದೇ ಆಗಿರುವಾಗ, ನಿಧಾನದ ಪಯಣದಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ. ಆದ್ದರಿಂದ ಸರಾಸರಿಯು ಯಾವಾಗಲೂ ನಿಧಾನದ ಕಡೆಗೇ ವಾಲುತ್ತದೆ.’

ನಾನು ಎರಡು ಸಲ ಓದಿಸಿದೆ. ಇಷ್ಟೇ. ವರ್ಗವಿಲ್ಲ, ಸೂತ್ರವಿಲ್ಲ, ಐದು ಸಾಲಿಲ್ಲ. ನನ್ನ ಸಾಧನೆ ಅದು ಹೌದು ಎಂದು ಹೇಳುತ್ತಿತ್ತು, ಯಾಕೆ ಎಂದು ಒಂದು ದಿನವೂ ಹೇಳಿರಲಿಲ್ಲ. ಎಷ್ಟು ಮಕ್ಕಳ ಬಾಯಲ್ಲಿ ಆ ಸೂತ್ರ ಹೇಳಿಸಿದ್ದೇನೆ, ಯಾಕೆ ಎಂದು ನಾನೇ ಕೇಳಿಕೊಂಡಿರಲಿಲ್ಲ.

‘ಇದ್ನ ನಾವ್ಯಾಕ್ ಮೇಡಂ ಯೋಚ್ನೆ ಮಾಡ್ಲಿಲ್ಲ?’ ಎಂದರು ಸಿದ್ದರಾಜು. ಮೊದಲ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ನಮ್ಮ ಮೇಷ್ಟ್ರುಗಳೂ ನಮಗೆ ಹೊತ್ತು ಕೊಟ್ಟಿರಲಿಲ್ಲವಲ್ಲ ಎಂದೆ.

ನಾತ್ಸುಮಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸರಿಯೇ ಎಂದು ಕೇಳಿದಳು.

‘ಸರಿ. ಇವತ್ತಿನವರೆಗೂ ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿ,’ ಎಂದೆ ತೊಮೊಕೊಗೆ.

ಅವರು ಹಿಂಜರಿದರು. ಮೇಷ್ಟ್ರ ಮಾನ ಕಾಯುವ ದೇಶದವರು. ‘ತಮಗೆ ತಿಳಿದಿರಲಿಲ್ಲವೆಂದೇ ಹೇಳಲೇ?’ ಎಂದು ನನ್ನನ್ನು ಇನ್ನೊಮ್ಮೆ ಕೇಳಿದರು.

ಹಾಗೇ ಹೇಳಿ, ಒಂದಕ್ಷರ ಬದಲಾಯಿಸಬೇಡಿ ಎಂದೆ. ಅವರು ಹೇಳಿದರು. ಹುಡುಗಿಗೆ ಮೊದಲು ನಂಬಿಕೆಯಾಗಲಿಲ್ಲ. ಒಕಾದಾ ಮೇಷ್ಟ್ರ ಕಡೆ ನೋಡಿದಳು. ಅವರು ತಲೆಯಾಡಿಸಿ, ತಮಗೂ ಗೊತ್ತಿರಲಿಲ್ಲ ಎಂದರು. ನಾತ್ಸುಮಿ ನಮ್ಮಿಬ್ಬರನ್ನೂ ನೋಡಿದಳು, ಕಿವಿಯವರೆಗೂ ಕೆಂಪಾದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು, ಇಬ್ಬರು ಮುದಿ ಮೇಷ್ಟ್ರುಗಳಿಗೆ ಅರ್ಥವಾಗುವ ಹಾಗೆ ಮೊದಲಿನಿಂದ ವಿವರಿಸತೊಡಗಿದಳು.